ಇಂಟರ್‌ವ್ಯೂ ಮುಗೀತು, ಸಾಹೇಬರ ನಂಬರ್ ಫೋನಲ್ಲಿದೆ: ಮುಂದೇನು?

ಏಜೆನ್ಸಿ ಮೂಲಕ ಇಂಟರ್‌ವ್ಯೂಗೆ ಹೋಗಿ ಬರೋ ಕಾಂಟ್ರ್ಯಾಕ್ಟ್ ಹುಡುಗರ ಫೋನಿನಲ್ಲಿ ಸಂಜೆ ಹೊತ್ತಿಗೆ ಒಂದು ಹೊಸ ನಂಬರ್ ಕೂತಿರುತ್ತೆ. ಬೆಳಿಗ್ಗೆ ಏಜೆನ್ಸಿಯವರೇ ಕೊಟ್ಟಿರೋದು: ಗೇಟಿನಲ್ಲಿ ಸೆಕ್ಯುರಿಟಿ ತಡೆದರೆ ಇಂಟರ್‌ವ್ಯೂ ಮಾಡೋ ಈ ಸಾಹೇಬರಿಗೆ ಫೋನ್ ಮಾಡಿ ಅಂತ. ಎರಡು ದಿನ ಏನೂ ಸುದ್ದಿ ಬರದಿದ್ದರೆ ಕೈ ಆ ನಂಬರಿನ ಕಡೆಗೇ ಹೋಗುತ್ತೆ.

ನಾನು ಬಳ್ಳಾರಿ ಕೌಲ್ ಬಜಾರಿನವನು. ಇನ್‌ಸ್ಟ್ರುಮೆಂಟೇಶನ್ ಕೆಲಸ, ಅಂದರೆ ಪ್ಲಾಂಟಿನ ಅಳತೆ ಮೀಟರುಗಳನ್ನ ನೋಡ್ಕೊಳ್ಳೋದು. ಸ್ಪಾಂಜ್ ಐರನ್ ಕಿಲ್ನ್, ರೋಲಿಂಗ್ ಮಿಲ್, ಪವರ್ ಪ್ಲಾಂಟ್ ಶಟ್‌ಡೌನ್ (ರಿಪೇರಿಗೆ ಪ್ಲಾಂಟ್ ನಿಲ್ಲಿಸೋ ದಿನಗಳು) ಎಲ್ಲಿ ಕರೆದರೂ ದಿನಗೂಲಿ ಲೆಕ್ಕದಲ್ಲಿ ಹೋಗ್ತೀನಿ. ಮರ್ಯಾದೆಗೆ ಅದನ್ನ ಡೇ ರೇಟ್ ಅಂತೀವಿ. ತೋರಣಗಲ್ಲು, ಕುಡಿತಿನಿ, ಗಿಣಿಗೇರಾ, ಶಕ್ತಿನಗರ, ಹೀಗೆ ಓಡಾಡಿ ಹದಿನಾಲ್ಕು ವರ್ಷ ಆಯ್ತು. ಈ ವಿಷಯದಲ್ಲಿ ನಾನು ಪಾಲಿಸೋದು ಇಷ್ಟೇ: ಇಂಟರ್‌ವ್ಯೂ ಆದಮೇಲೆ ಕಂಪನಿಗೆ ಹೇಳೋದೇನಿದ್ದರೂ ಏಜೆನ್ಸಿ ಕೈಲೇ ಹೇಳಿಸಬೇಕು, ಆದರೆ ಹೇಳಬೇಕಾದ ಮಾತನ್ನ ನಾನೇ ಬರೆದು ಕೊಡಬೇಕು. ಮೊದಲನೇ ಅರ್ಧ ಏಜೆನ್ಸಿಯವರು ಎಲ್ಲರಿಗೂ ಹೇಳ್ತಾರೆ. ಎರಡನೇ ಅರ್ಧ ಯಾರೂ ಹೇಳಲ್ಲ.

ಮೊದಲು ನಾನು ಕೆಡಿಸಿಕೊಂಡ ಕಥೆ. ಶುರುವಿನ ವರ್ಷಗಳಲ್ಲಿ ಒಂದು ಕಾರ್ಖಾನೆಯ ಇಂಟರ್‌ವ್ಯೂ ಚೆನ್ನಾಗಿ ಆಗಿತ್ತು. ಮೂರನೇ ದಿನ ತಡೆಯಲಾರದೆ ಆ ಎಂಜಿನಿಯರ್‌ಗೆ ಫೋನ್ ಹಚ್ಚಿದೆ. ಪಾಪ, ಒಳ್ಳೆಯವರು, ಮಾತಾಡಿದರು. ಮಾತಿನ ನಡುವೆ ಸಹಜವಾಗಿ ಕೇಳಿದರು: "ದಿನಕ್ಕ ಏನ್ ತಗೋತೀರಿ?" ನಾನು ಅಷ್ಟೇ ಸಹಜವಾಗಿ "ಹದಿನೆಂಟು ನೂರು ಸಾರ್" ಅಂದೆ. ಏಜೆನ್ಸಿ ಕಾರ್ಖಾನೆಗೆ ಕೊಟ್ಟಿದ್ದ ಕೊಟೇಶನ್ ಎರಡು ಸಾವಿರದ ಏಳುನೂರು ಅಂತ ನನಗೆ ಗೊತ್ತಿರಲಿಲ್ಲ. ಆ ಮಾತು ಪರ್ಚೇಸ್‌ಗೆ, ಅಂದರೆ ಖರೀದಿ ವಿಭಾಗಕ್ಕೆ ಹೋಯ್ತು, ಪರ್ಚೇಸ್‌ನವರು ಏಜೆನ್ಸಿಯನ್ನ ಹಿಡಿದರು, ಏಜೆನ್ಸಿಯವರು ನನ್ನನ್ನ ಬಿಟ್ಟರು. ಕೆಲಸ ಮೂರನೆಯವನಿಗೆ ಹೋಯ್ತು. ಒಂಬೈನೂರು ರೂಪಾಯಿ ನಡುವೆ ತಿಂತಾರಲ್ಲ ಅಂತ ಆಗ ಹೊಟ್ಟೆ ಉರೀತು. ಆಮೇಲೆ ಲೆಕ್ಕ ಹಾಕಿದೆ: ಪಿಎಫ್, ಇನ್ಶೂರೆನ್ಸ್, ಕಂಪನಿ ಬಿಲ್ ಪಾಸ್ ಮಾಡೋಕೆ ಅರವತ್ತು ದಿನ ತಗೊಂಡರೂ ನನಗೆ ತಿಂಗಳಿಗೆ ಸರಿಯಾಗಿ ಕೊಡೋ ದುಡ್ಡಿನ ಬಡ್ಡಿ. ಅಷ್ಟೆಲ್ಲ ಕಳೆದಮೇಲೂ ಅವರಿಗೆ ಲಾಭ ಇದೆ. ಇರಲಿ ಬಿಡಿ.

ನಿಮ್ಮನ್ನ ಇಂಟರ್‌ವ್ಯೂ ಮಾಡಿದ ಎಂಜಿನಿಯರ್ ಕೈಲಿ ಏನಿದೆ ಅನ್ನೋದನ್ನ ತಿಳ್ಕೊಂಡರೆ ಅರ್ಧ ಚಡಪಡಿಕೆ ಅಲ್ಲೇ ನಿಲ್ಲುತ್ತೆ. "ಈ ಹುಡುಗ ನಡೀತಾನೆ" ಅಂತ ಬರೆದು ಕಳಿಸೋದು ಅವರ ಕೆಲಸ. ರೇಟು ನೋಡೋದು ಪರ್ಚೇಸ್. ಪಿಒ, ಅಂದರೆ ಕೆಲಸದ ಆರ್ಡರ್ ಕಾಗದ, ಹೋಗೋದು ವೆಂಡರ್ ಕೋಡ್ (ಕಂಪನಿ ಪಟ್ಟಿಯಲ್ಲಿನ ನೋಂದಣಿ ನಂಬರ್) ಇರೋ ಏಜೆನ್ಸಿ ಹೆಸರಿಗೆ. ನಿಮ್ಮ ಹೆಸರಲ್ಲಿ ವೆಂಡರ್ ಕೋಡ್ ಇಲ್ಲ, ಶಟ್‌ಡೌನ್ ಇನ್ನು ಹತ್ತು ದಿನ ಇರುವಾಗ ಯಾರೂ ಅದನ್ನ ಮಾಡಿಸಿ ಕೊಡಲ್ಲ. ಹಾಗಾಗಿ ಎಂಜಿನಿಯರ್‌ಗೆ ನೀವೆಷ್ಟೇ ಇಷ್ಟ ಆಗಿದ್ದರೂ ನಿಮ್ಮ ಫೋನ್ ಅವರಿಗೆ ಕೊಡೋದು ಮುಜುಗರ ಮಾತ್ರ. ಜೊತೆಗೆ ಏಜೆನ್ಸಿಗೂ ಕಂಪನಿಗೂ ನಡುವೆ ಇನ್ನೊಂದು ಕಾಗದ ಇರುತ್ತೆ, ಅದನ್ನ ನೀವು ನೋಡಿರಲ್ಲ. ಏಜೆನ್ಸಿ ತೋರಿಸಿದ ಮನುಷ್ಯನನ್ನ ಆರು ತಿಂಗಳೊಳಗೋ ವರ್ಷದೊಳಗೋ ನೇರವಾಗಿ ತಗೊಂಡರೆ ಕಂಪನಿ ಇಷ್ಟು ದುಡ್ಡು ಕಟ್ಟಬೇಕು ಅಂತ ಅದರಲ್ಲಿ ಬರೆದಿರುತ್ತಾರೆ.

ಟೀ ಅಂಗಡಿ ವಕೀಲರು ಇಲ್ಲಿ ಬಾಯಿ ಹಾಕ್ತಾರೆ: "ಅಂಥಾ ಕರಾರೆಲ್ಲ ಕೋರ್ಟಿನಾಗ ನಿಲ್ಲಂಗಿಲ್ಲ ಬಿಡ್ರಿ." ಅರ್ಧ ಸರಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬರು ಉದ್ಯೋಗ ವ್ಯಾಪಾರ ಮಾಡದಂತೆ ತಡೆಯೋ ಕರಾರು ಊರ್ಜಿತವಲ್ಲ; ಒಪ್ಪಂದ ಮುಗಿದ ಮೇಲೂ ಕೈ ಕಟ್ಟಿಹಾಕೋ ಷರತ್ತುಗಳನ್ನ ಕೋರ್ಟುಗಳು ಸಾಮಾನ್ಯವಾಗಿ ಒಪ್ಪಿಲ್ಲ. ಒಪ್ಪಂದ ನಡೀತಿರುವಾಗಿನ ಷರತ್ತಿನ ಮಾತು ಬೇರೆ, ಅದನ್ನ ಒಪ್ಪಿದ್ದಾರೆ. ಆದರೆ ಹದಿನೆಂಟು ದಿನದ ಶಟ್‌ಡೌನ್ ಕೆಲಸಕ್ಕೆ ಕೋರ್ಟ್ ಮೆಟ್ಟಿಲು ಹತ್ತಿದವರನ್ನ ನಾನಂತೂ ನೋಡಿಲ್ಲ. ಮುಂದಿನ ಸಲ ಏಜೆನ್ಸಿಯವರು ಫೋನ್ ಮಾಡಲ್ಲ, ಅಷ್ಟೇ. ಬಳ್ಳಾರಿಯಿಂದ ಕೊಪ್ಪಳದವರೆಗೆ ಈ ಕೆಲಸದವರೆಲ್ಲ ಒಬ್ಬರಿಗೊಬ್ಬರು ಗೊತ್ತು.

ಈಗ ಮಾಡೋದು ಹೇಗೆ. ಇಂಟರ್‌ವ್ಯೂಗೆ ಹೋಗೋ ಮುಂಚೆಯೇ ಏಜೆನ್ಸಿಯನ್ನ ಕೇಳಿ: "ಸಾಹೇಬರು ನನಗೇ ಫೋನ್ ಮಾಡಿದ್ರೆ ಏನು ಮಾಡಲಿ?" ಉತ್ತರ ವಾಟ್ಸಾಪ್‌ನಲ್ಲಿ ಬರಲಿ. ಇಂಟರ್‌ವ್ಯೂ ಮುಗಿದು ಎದ್ದು ನಿಂತಾಗ ಎದುರಿನವರನ್ನೂ ಕೇಳಿ: "ಸಾರ್, ಇನ್ನೇನಾದ್ರೂ ಬೇಕಾದ್ರೆ ನೇರ ಕಳಿಸಲಾ, ಏಜೆನ್ಸಿ ಕೈಲಿ ಕಳಿಸಲಾ?" ಅಲ್ಲೇ, ಮುಖಾಮುಖಿ ಕೇಳಿದರೆ ಅದು ಸಭ್ಯತೆ. ಅದೇ ಪ್ರಶ್ನೆಯನ್ನ ಮಾರನೇ ದಿನ ಫೋನಿನಲ್ಲಿ ಕೇಳಿದರೆ ಬೆನ್ನು ಹತ್ತಿದ ಹಾಗೆ ಕಾಣುತ್ತೆ.

ಅವರೇ ಏನಾದರೂ ಕೇಳಿದರೆ, ಅಂದರೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟೋ ಹೈಟ್ ಪಾಸೋ (ಎತ್ತರದಲ್ಲಿ ಕೆಲಸ ಮಾಡೋ ಪರವಾನಗಿ), ಕಳಿಸಿ. ಇಮೇಲಿನ ಸಿಸಿಯಲ್ಲಿ ಏಜೆನ್ಸಿ ಇರಲಿ. ಹಿಂದಿನ ಪ್ಲಾಂಟಿನ ಪಿಎಲ್‌ಸಿ (ಯಂತ್ರಗಳನ್ನ ನಡೆಸೋ ಕಂಪ್ಯೂಟರ್) ಪ್ರೋಗ್ರಾಮ್ ಕೇಳಿದರೆ ಮಾತ್ರ ಕೊಡಬೇಡಿ. ಅದು ನಿಮ್ಮದಲ್ಲ, ಮತ್ತೆ ಅವರದ್ದನ್ನೂ ನಾಳೆ ಹೀಗೇ ಹಂಚ್ತೀರಿ ಅಂತ ಅವರಿಗೇ ಅನಿಸುತ್ತೆ. ಅವರೇ ಫೋನ್ ಮಾಡಿದರೆ ಎತ್ತಿ, ಕೆಲಸದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ರೇಟಿಗೆ ಬಂದ ಕೂಡಲೇ ಈ ವಾಕ್ಯ ಬಾಯಿಪಾಠ ಇರಲಿ: "ಸಾರ್, ಅದನ್ನ ಏಜೆನ್ಸಿಯವರಿಗೇ ಬಿಟ್ಟಿದೀನ್ರಿ, ಅವರ್ನ ಕೇಳಿ." ಫೋನ್ ಇಟ್ಟು ಹತ್ತು ನಿಮಿಷದೊಳಗೆ ಏಜೆನ್ಸಿಗೆ ಮೆಸೇಜ್: ಇವರು ಫೋನ್ ಮಾಡಿದ್ದರು, ಇದನ್ನ ಕೇಳಿದರು, ನಾನು ಇದನ್ನ ಹೇಳಿದೆ.

ಉತ್ತರ ತಪ್ಪು ಹೇಳಿ ಬಂದಿದ್ದರೆ ಆ ನಂಬರ್ ಇನ್ನೂ ಜೋರಾಗಿ ಕರೆಯುತ್ತೆ. ನನಗೆ 2024ರ ಆಗಸ್ಟ್‌ನಲ್ಲಿ ಹೀಗಾಯ್ತು. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದ ವಾರ. ಕೊಪ್ಪಳ ಕಡೆಯ ಒಂದು ಪ್ಲಾಂಟಿನಲ್ಲಿ ಇಂಟರ್‌ವ್ಯೂ. ಆ ಸಾಹೇಬರಿಗೆ ಗಂಗಾವತಿ ಹತ್ತಿರ ಗದ್ದೆ, ನಮ್ಮ ಮಾವನದ್ದು ಸಿರುಗುಪ್ಪ ಕಡೆ. ಎರಡನೇ ಬೆಳೆಗೆ ನೀರು ಸಿಗುತ್ತೋ ಇಲ್ಲವೋ ಅಂತ ಹತ್ತು ನಿಮಿಷ ಅದೇ ಮಾತು. ಕೊನೆಗೆ ಕೇಳಿದರು: ಆರಿಫಿಸ್ ಫ್ಲೋ ಮೀಟರ್ (ಪೈಪಿನೊಳಗಿನ ತೂತಿನ ತಟ್ಟೆಯ ಎರಡೂ ಬದಿಯ ಒತ್ತಡದ ವ್ಯತ್ಯಾಸ, ಅಂದರೆ ಡಿಪಿ, ನೋಡಿ ಹರಿವು ಹೇಳೋದು), ಫುಲ್ ಸ್ಕೇಲ್ ಗಂಟೆಗೆ 400 ಘನ ಮೀಟರ್, ಡಿಪಿ ಟ್ರಾನ್ಸ್‌ಮಿಟರ್ ಲೀನಿಯರ್ (ಡಿಪಿ ಎಷ್ಟೋ ಸಿಗ್ನಲ್ ಅಷ್ಟೇ), 12 ಮಿಲಿ ಆಂಪ್ ಬರ್ತಿದೆ, ಫ್ಲೋ ಎಷ್ಟು? ಸಿಗ್ನಲ್ ಹೋಗೋದು 4ರಿಂದ 20 ಮಿಲಿ ಆಂಪ್‌ವರೆಗೆ, ಅದರಲ್ಲಿ 12 ಅಂದರೆ ಸರಿ ಅರ್ಧ. "200" ಅಂದೆ. ಅವರು ತಲೆ ಆಡಿಸಿದರು, ಬರೆದುಕೊಂಡರು.

ಬಸ್ಸು ಹೊಸಪೇಟೆ ದಾಟಿ ತೋರಣಗಲ್ಲಿಗೆ ಬಂದಾಗ ಹೊಳೀತು. ಅರ್ಧ ಆಗಿದ್ದು ಡಿಪಿ. ಫ್ಲೋ ಹೋಗೋದು ಅದರ ವರ್ಗಮೂಲಕ್ಕೆ. 400ಕ್ಕೆ 0.707, ಅಂದರೆ 283. ಹದಿಮೂರು ವರ್ಷ ಇದೇ ಕೆಲಸ ಮಾಡಿದವನು, ಕೂತ ಸೀಟಿನಲ್ಲೇ ಬೆವರಿದೆ. ನಂಬರ್ ತೆಗೆದೆ. ಗದ್ದೆ ಮಾತಾಡಿದ ಮನುಷ್ಯ, ಏನೂ ಅನ್ಕೊಳ್ಳಲ್ಲ ಅನಿಸ್ತು. ಹಳೇ ಹದಿನೆಂಟು ನೂರರ ಕಥೆ ನೆನಪಾಗಿ ಫೋನ್ ಜೇಬಿಗೆ ಹಾಕಿದೆ.

ಮನೆಗೆ ಬಂದು ಏಜೆನ್ಸಿ ಮೇಡಂಗೆ ಬರೆದೆ. ಅವರಿಗೆ ಆರಿಫಿಸ್ ಅಂದರೆ ಏನು ಅಂತ ಗೊತ್ತಿರಲ್ಲ, ಅವರ ಮಾತಿನಲ್ಲಿ ಹೇಳಿ ಅಂದರೆ ಕೆಡುತ್ತೆ. ಅದಕ್ಕೆ ಹಾಗೇ ಮುಂದಕ್ಕೆ ಕಳಿಸೋ ಥರ ಬರೆಯಬೇಕು: "ಮೇಡಂ, ಕೆಳಗಿನ ಸಾಲುಗಳನ್ನ ದಯವಿಟ್ಟು ಇದ್ದ ಹಾಗೇ ಫಾರ್ವರ್ಡ್ ಮಾಡಿ. 'ಸಾರ್, ಫ್ಲೋ ಪ್ರಶ್ನೆಗೆ 200 ಅಂದಿದ್ದೆ, ತಪ್ಪು. ಡಿಪಿ ಅರ್ಧ ಇದ್ದಾಗ ಫ್ಲೋ ಸುಮಾರು 283. ಸೈಟಿನಲ್ಲಾದರೆ ಸ್ಕ್ವೇರ್ ರೂಟ್ ಟ್ರಾನ್ಸ್‌ಮಿಟರಿನಲ್ಲಿದೆಯಾ ಪಿಎಲ್‌ಸಿಯಲ್ಲಿದೆಯಾ ಅಂತ ಮೊದಲು ನೋಡ್ತೀನಿ. ಎರಡೂ ಕಡೆ ಹಾಕಿದ್ದರೆ ರೀಡಿಂಗ್ ಜಾಸ್ತಿ ತೋರಿಸುತ್ತೆ.'" ಕ್ಷಮೆ, ಕಾರಣ, ನಿದ್ದೆ ಇರಲಿಲ್ಲ ಅನ್ನೋದೆಲ್ಲ ಬೇಡ. ಧನ್ಯವಾದ ಹೇಳೋದಿದ್ದರೂ ಇದೇ ದಾರಿ, ಎರಡು ಸಾಲು ಸಾಕು.

ಏಜೆನ್ಸಿಯೇ ಸುಮ್ಮನಾದರೆ? ಮೂರು ಕೆಲಸದ ದಿನ ಬಿಟ್ಟು ಒಂದು ಮೆಸೇಜ್. ವಾರಕ್ಕೆ ಒಂದು ಫೋನ್. ಎರಡು ವಾರಕ್ಕೆ ಇಮೇಲ್: "ಈ ತಾರೀಖಿನೊಳಗೆ ಉತ್ತರ ಬರದಿದ್ದರೆ ಬೇರೆ ಕೆಲಸ ಒಪ್ಕೊಳ್ತೀನಿ." ಬರೆದಮೇಲೆ ಒಪ್ಕೊಂಡೇ ಬಿಡಿ, ಸುಮ್ಮನೆ ಹೆದರಿಸೋಕೆ ಬರೀಬೇಡಿ. ಫೋನ್ ಸ್ವಿಚ್ಡ್ ಆಫ್, ಆಫೀಸಿಗೆ ಬೀಗ ಅನ್ನೋ ಪರಿಸ್ಥಿತಿ ಬಂದರೆ ಮಾತ್ರ ಕಂಪನಿಗೆ ನೇರ ಬರೆಯಿರಿ, ಅದೂ ಎಚ್‌ಆರ್‌ಗೆ: ಇಂಥ ದಿನ ಇಂಥ ಏಜೆನ್ಸಿ ಮೂಲಕ ಬಂದಿದ್ದೆ, ಅವರು ಸಿಕ್ತಿಲ್ಲ, ನನ್ನ ಅರ್ಜಿ ಯಾವ ಹಂತದಲ್ಲಿದೆ. ರೇಟಿನ ಸುದ್ದಿ ಅಲ್ಲೂ ಎತ್ತಬೇಡಿ. ಇನ್ನೊಂದು ಏಜೆನ್ಸಿ ಅದೇ ಕೆಲಸಕ್ಕೆ ನಿಮ್ಮ ಬಯೋಡೇಟಾ ಕಳಿಸ್ತೀನಿ ಅಂದರೆ ಬೇಡ ಅನ್ನಿ. ಒಂದೇ ಮುಖ ಎರಡು ಕಡೆಯಿಂದ ಬಂದರೆ ಎರಡನ್ನೂ ಪಕ್ಕಕ್ಕಿಡ್ತಾರೆ. ಸೆಲೆಕ್ಟ್ ಮಾಡಿಸ್ತೀನಿ ಅಂತ ದುಡ್ಡು ಕೇಳೋ ಏಜೆನ್ಸಿಗೆ ಈ ಮರ್ಯಾದೆ ಯಾವುದೂ ಬೇಕಿಲ್ಲ, ನಂಬರ್ ಅಳಿಸಿಬಿಡಿ.

ಆ ಕೊಪ್ಪಳದ ಕೆಲಸ ನನಗೆ ಸಿಕ್ತು. ನವೆಂಬರಿನಲ್ಲಿ ಶಟ್‌ಡೌನ್, ಕಂಟ್ರೋಲ್ ರೂಮಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುವಾಗ ಸಾಹೇಬರನ್ನ ಕೇಳಿದೆ, ಆ 283ರ ಮೆಸೇಜ್ ನೋಡಿದ್ರಾ ಅಂತ.

"ಯಾವ ಮೆಸೇಜ್ ರೀ?" ಅಂದರು. ಬಂದೇ ಇರಲಿಲ್ಲ. "ಐದು ಮಂದಿಗೆ ಕೇಳಿದ್ದೆ. ನಾಲ್ಕು ಮಂದಿ 200 ಅಂದ್ರಿ. ಒಬ್ಬಾತ ಸರಿ ಹೇಳಿದ್ದ, ಅವನ ರೇಟು ನಮ್ಮ ಪರ್ಚೇಸ್‌ನವರಿಗೆ ಹೊಂದಲಿಲ್ಲ."

ಈಗಲೂ ಏಜೆನ್ಸಿ ಕೈಲೇ ಕಳಿಸ್ತೀನಿ. ಕೆಳಗೆ ಒಂದು ಸಾಲು ಹೆಚ್ಚಿಗೆ ಇರುತ್ತೆ: "ಮೇಡಂ, ಕಳಿಸಿದ ಮೇಲೆ ಒಂದು ಸ್ಕ್ರೀನ್‌ಶಾಟ್ ಹಾಕಿ."