ಗುಡ್ಡ ಹತ್ತಿಸಬೇಡಿ, ಬಳಸಿ ಹೋಗಿ: ಮೈನ್‌ಕ್ರಾಫ್ಟ್‌ನಲ್ಲಿ ಹಳಿ ಹಾಕುವ ಬಗೆ

ಆಷಾಢದ ಮಳೆಯಲ್ಲಿ ಮೂರು ದಿನ ಕೂತು ಮೈನ್‌ಕ್ರಾಫ್ಟ್ ಎಂಬ ವಿಡಿಯೊ ಆಟದಲ್ಲಿ ನಾನು ಹಾಕಿದ ಮೊದಲ ರೈಲು ಮಾರ್ಗ ಅರ್ಧ ಗುಡ್ಡಕ್ಕೇ ಸೋತಿತು. ಗಾಡಿ ಏರುತ್ತ ಏರುತ್ತ ನಿಧಾನವಾಗಿ, ಒಂದು ಕ್ಷಣ ನಿಂತು, ಹಿಂದಕ್ಕೆ ಜಾರಿ ಹೊರಟಲ್ಲಿಗೇ ಬಂದು ಸೇರಿತು. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ, "ಮಾವ, ನೀವು ತೋಟಕ್ಕೆ ನೀರು ತರುವಾಗ ಕಾಲುವೆಯನ್ನು ಗುಡ್ಡದ ನೆತ್ತಿಗೆ ಹತ್ತಿಸುತ್ತೀರಾ?" ಎಂದು ಕೇಳಿದ. ಎಂಟನೇ ತರಗತಿಯ ಹುಡುಗ. ಆನಂದಪುರದ ಹತ್ತಿರ ಇಪ್ಪತ್ತು ವರ್ಷದಿಂದ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಬಾಯಿ ಕಟ್ಟಿತು.

ಅವನ ಮಾತಿನಲ್ಲಿ ಇಡೀ ವಿದ್ಯೆ ಇದೆ. ಈ ಆಟದಲ್ಲಿ ಸಮತಟ್ಟಾದ ಮಾರ್ಗ ಕಬ್ಬಿಣ ತಿನ್ನುತ್ತದೆ, ಏರುವ ಮಾರ್ಗ ಚಿನ್ನ ತಿನ್ನುತ್ತದೆ. ಕಬ್ಬಿಣ ಎಲ್ಲಿ ಅಗೆದರೂ ಸಿಗುತ್ತದೆ, ಚಿನ್ನ ಹಾಗಲ್ಲ.

ಲೆಕ್ಕ ನೋಡಿ. ಆರು ಕಬ್ಬಿಣದ ಗಟ್ಟಿ ಮತ್ತು ಒಂದು ಕೋಲು ಸೇರಿದರೆ 16 ಸಾದಾ ಹಳಿ. ಗಾಡಿಯನ್ನು ತಳ್ಳುವ ಪವರ್ಡ್ ರೈಲ್‌ಗೆ ಆರು ಚಿನ್ನದ ಗಟ್ಟಿ, ಒಂದು ಕೋಲು, ಒಂದು ಚಿಟಿಕೆ ರೆಡ್‌ಸ್ಟೋನ್ (ಆಟದಲ್ಲಿ ವಿದ್ಯುತ್ತಿನಂತೆ ಶಕ್ತಿ ಹರಿಸುವ ಕೆಂಪು ಪುಡಿ) ಬೇಕು. ಸಿಗುವುದು ಆರೇ ಆರು. ಮಟ್ಟ ನೆಲದಲ್ಲಿ ಮನುಷ್ಯ ಕೂತ ಗಾಡಿ ಪೂರ್ತಿ ವೇಗದಲ್ಲಿ, ಅಂದರೆ ಸೆಕೆಂಡಿಗೆ 8 ಬ್ಲಾಕ್ (ಆ ಲೋಕವನ್ನು ಕಟ್ಟಿರುವ ಚೌಕ ಇಟ್ಟಿಗೆ, ಬ್ಲಾಕಿಗೊಂದು ಹಳಿ), ಓಡುತ್ತಲೇ ಇರಲು 38 ಹಳಿಗೊಂದು ಪವರ್ಡ್ ರೈಲ್ ಸಾಕು. 500 ಬ್ಲಾಕ್ ಮಾರ್ಗಕ್ಕೆ 14 ಆಯಿತು. ಎರಡು ತುದಿಗೂ ಎರಡೆರಡು ಹೆಚ್ಚಿಗೆ ಇಟ್ಟರೆ 18. ಚಿನ್ನವೂ 18 ಗಟ್ಟಿ. ಉಳಿದ 482 ಸಾದಾ ಹಳಿಗೆ 186 ಕಬ್ಬಿಣ. ಪ್ರಯಾಣ ಒಂದು ನಿಮಿಷದ ಮೇಲೆ ಎರಡೋ ಮೂರೋ ಸೆಕೆಂಡು.

ಈಗ ಅದೇ ದಾರಿಯಲ್ಲಿ 30 ಬ್ಲಾಕ್ ಎತ್ತರದ ಒಂದು ಗುಡ್ಡ ಹತ್ತಿಳಿಯಿರಿ. ಏರಿನಲ್ಲಿ ನಾನು ಎರಡು ಸಾದಾ ಹಳಿಗೆ ಒಂದು ಪವರ್ಡ್ ಹಾಕುತ್ತೇನೆ. ಈ ಮಗ್ಗುಲಿಗೆ ಹತ್ತು, ವಾಪಸು ಬರುವಾಗ ಆ ಮಗ್ಗುಲೂ ಏರೇ ಆದ್ದರಿಂದ ಅಲ್ಲಿಗೂ ಹತ್ತು. ಒಂದು ಗುಡ್ಡ ಇಡೀ ಮಾರ್ಗಕ್ಕಿಂತ ಹೆಚ್ಚು ಚಿನ್ನ ನುಂಗಿತು. ಹೋಗಲು ಒಂದು, ಬರಲು ಒಂದು ಎಂದು ಜೋಡಿ ಹಳಿ ಹಾಕಿದರೆ ಇಳಿಯುವ ಹಳಿಗೆ ಪವರ್ಡ್ ಬೇಕಿಲ್ಲ, ನಿಜ. ಆದರೆ ಏರು ಏರೇ.

186 ಕಬ್ಬಿಣದ ಗಟ್ಟಿಗೆ ಅದಿರು ಕರಗಿಸಬೇಕಲ್ಲ, ಒಂದು ಕಲ್ಲಿದ್ದಲು ಎಂಟನ್ನು ಕರಗಿಸುತ್ತದೆ, 24 ಬೇಕು. ಕಲ್ಲಿದ್ದಲು ಸಿಗದಿದ್ದರೆ ಮರದ ದಿಮ್ಮಿಯನ್ನೇ ಕುಲುಮೆಗೆ ಹಾಕಿ ಇದ್ದಿಲು ಮಾಡಿಕೊಳ್ಳಿ, ಅದರ ಕಾವೂ ಅಷ್ಟೇ. ನಮ್ಮ ಕಡೆಯವರಿಗೆ ಇದು ಹೊಸತಲ್ಲ. 1923ರಲ್ಲಿ ಕುಲುಮೆ ಹೊತ್ತಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಮರದ ಇದ್ದಿಲಿನಲ್ಲೇ ಕರಗಿಸುತ್ತಿತ್ತು. ಆಟದಲ್ಲಾದರೆ ಕಡಿದ ಕಡೆ ಒಂದು ಸಸಿ ನೆಟ್ಟು ಬನ್ನಿ.

ಹಳಿ ಕೈಗೆತ್ತಿಕೊಳ್ಳುವ ಮೊದಲು ಬರಿಗೈಯಲ್ಲಿ ದಾರಿ ನಡೆಯಿರಿ. ಪರದೆಯಲ್ಲಿ ನೀವಿರುವ ಜಾಗದ ಮೂರು ಅಂಕಿ ಕಾಣುವಂತೆ ಮಾಡಿಕೊಳ್ಳಿ. ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಎಫ್‌3 ಒತ್ತಿದರೆ ಬರುತ್ತದೆ, ಮೊಬೈಲ್ ಆವೃತ್ತಿಯಲ್ಲಿ ಲೋಕದ ಸೆಟ್ಟಿಂಗ್‌ನಲ್ಲಿದೆ. ನಡುವಿನದು, ವೈ ಅಂಕಿ, ಎತ್ತರ. ಮೇಸ್ತ್ರಿ ಪಾಯ ತೆಗೆಯುವಾಗ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡುವುದಿಲ್ಲವೇ, ಇದೂ ಹಾಗೆ. ಮಾರ್ಗದ ಎರಡೂ ತುದಿಯ ಊರಿನ ವೈ ಬರೆದುಕೊಳ್ಳಿ, ಅವುಗಳ ನಡುವಿನ ಒಂದು ಮಟ್ಟ ಹಿಡಿಯಿರಿ, ಗುಡ್ಡದ ಸೊಂಟದ ಸುತ್ತ ಆ ಮಟ್ಟ ಬಿಡದೆ ನಡೆಯುತ್ತ ಹತ್ತು ಹೆಜ್ಜೆಗೊಂದು ಪಂಜು ನೆಡುತ್ತ ಹೋಗಿ. ಹಳ್ಳ ಬಂದರೆ ಸೇತುವೆ. ಬಳಸಿ ಹೋಗುವುದು ತೀರ ದೂರವಾದರೆ ಸುರಂಗ. ಮೂರು ಬ್ಲಾಕ್ ಎತ್ತರ ತೋಡಿದರೆ ಸಾಕು. ಇಲ್ಲಿ ಮಳೆಗೆ ಧರೆ ಜರಿಯುವ ಭಯವಿಲ್ಲ. ಈ ಒಂದು ವಿಷಯಕ್ಕೆ ನನಗೆ ಆ ಲೋಕದ ಮೇಲೆ ಹೊಟ್ಟೆಕಿಚ್ಚಿದೆ.

ತಿರುವು ಸಾದಾ ಹಳಿಗೆ ಮಾತ್ರ ಸಾಧ್ಯ. ಪವರ್ಡ್ ರೈಲ್ ಬಾಗುವುದಿಲ್ಲ, ಏರಿನ ಮೇಲೆ ಯಾವ ಹಳಿಯೂ ಬಾಗುವುದಿಲ್ಲ. ಘಟ್ಟದ ಹಾಗೆ ಸುತ್ತಿ ಸುತ್ತಿ ಇಳಿಸುವ ಆಸೆಯಿದ್ದರೆ ಪ್ರತಿ ತಿರುವಿಗೂ ಒಂದು ಬ್ಲಾಕ್ ಮಟ್ಟ ಜಾಗ ಬಿಡಿ.

ಪವರ್ಡ್ ರೈಲ್‌ಗೆ ಶಕ್ತಿ ಕೊಡದಿದ್ದರೆ ಅದು ಬ್ರೇಕ್. ಹೊಸಬರು ಎಡವುವುದು ಇಲ್ಲೇ: ಚಿನ್ನದ ಹಳಿ ಹಾಕಿದೆ, ಗಾಡಿ ಏಕೆ ನಿಂತಿತು? ಪಕ್ಕದಲ್ಲಿ ಸದಾ ಶಕ್ತಿ ಕೊಡುವ ರೆಡ್‌ಸ್ಟೋನ್ ಟಾರ್ಚ್ ಇಡಿ, ಅಥವಾ ಹಳಿ ಕೂತ ಬ್ಲಾಕಿನ ಅಡಿಯಲ್ಲಿ ಒಂದು ಗೂಡು ತೆಗೆದು ಅಲ್ಲಿಡಿ. ನನಗೆ ಎರಡನೆಯದೇ ಇಷ್ಟ, ಕಣ್ಣಿಗೆ ಬೀಳುವುದಿಲ್ಲ. ಸಾಲಾಗಿ ಪವರ್ಡ್ ರೈಲ್‌ಗಳಿದ್ದರೆ ಶಕ್ತಿ ಒಂದರಿಂದ ಒಂದಕ್ಕೆ ಹರಿಯುತ್ತದೆ, ಎರಡೂ ಕಡೆಗೆ ಎಂಟೆಂಟು ಹಳಿಯವರೆಗೆ. ಗಾಡಿ ಬಂದಾಗ ತಾನಾಗಿ ಚಾಲೂ ಆಗಲಿ ಎಂದು, ಗಾಡಿ ಮೇಲೆ ಬಂದಾಗ ಮಾತ್ರ ಶಕ್ತಿ ಕೊಡುವ ಡಿಟೆಕ್ಟರ್ ರೈಲ್ ಹಾಕುವವರಿದ್ದಾರೆ. ಪವರ್ಡ್‌ಗಿಂತ ಮೊದಲು ಅದನ್ನು ಹಾಕಿದರೆ ಹೋಗುವಾಗ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಬರುವಾಗ ಗಾಡಿಗೆ ಮೊದಲು ಸಿಗುವುದು ಶಕ್ತಿಯಿಲ್ಲದ ಪವರ್ಡ್ ರೈಲ್, ಅಲ್ಲೇ ಠಿಕಾಣಿ. ಒಂಟಿ ಹಳಿಯಾದರೆ ಎರಡೂ ಬದಿಗೆ ಡಿಟೆಕ್ಟರ್ ಬೇಕು. ಆ ತಲೆನೋವಿಗಿಂತ ಟಾರ್ಚ್ ವಾಸಿ.

ತುದಿ ನಿಲ್ದಾಣ ಸುಲಭ. ಕೊನೆಯ ಹಳಿ ಶಕ್ತಿ ಕೊಡದ ಪವರ್ಡ್ ರೈಲ್ ಆಗಿರಲಿ, ಅದರ ಬೆನ್ನಿಗೆ ಒಂದು ಗಟ್ಟಿ ಬ್ಲಾಕ್, ಪಕ್ಕದ ಬ್ಲಾಕಿಗೆ ಒಂದು ಬಟನ್. ಬಂದ ಗಾಡಿ ನಿಲ್ಲುತ್ತದೆ, ಬಟನ್ ಒತ್ತಿದರೆ ಬ್ಲಾಕಿಗೆ ಬೆನ್ನು ಕೊಟ್ಟು ಹೊರಡುತ್ತದೆ. ನಡುವಿನ ನಿಲ್ದಾಣಕ್ಕೆ ಬೆನ್ನಿಗೆ ಬ್ಲಾಕ್ ಇಡುವಂತಿಲ್ಲ, ಮಟ್ಟ ನೆಲದಲ್ಲಿ ನಿಂತ ಗಾಡಿ ಬಟನ್ ಒತ್ತಿದರೂ ಅಲುಗುವುದಿಲ್ಲ. ಅಲ್ಲಿ ಒಂದೇ ಒಂದು ಬ್ಲಾಕ್ ಇಳಿಜಾರು ಮಾಡಿ, ಪವರ್ಡ್ ರೈಲನ್ನು ಆ ಇಳಿಜಾರಿನ ಮೇಲೆ ಹಾಕಿ. ಶಕ್ತಿ ಇಲ್ಲದಾಗ ಅದು ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಶಕ್ತಿ ಬಂದೊಡನೆ ಕೆಳಗೆ ಬಿಡುತ್ತದೆ. ಒಂದೇ ದಿಕ್ಕಿಗೆ ನಡೆಯುವ ಉಪಾಯ, ಹಾಗಾಗಿ ನಿಲ್ದಾಣದೊಳಗಾದರೂ ಜೋಡಿ ಹಳಿ ಮಾಡಿ.

ಕವಲಿನಲ್ಲಿ ಮೂರು ಹಳಿ ಸೇರುವ ಕಡೆ ಸಾದಾ ಹಳಿ ಹಾಕಿ ಪಕ್ಕದಲ್ಲಿ ಲಿವರ್ ಇಟ್ಟರೆ, ಒಮ್ಮೆ ಎಳೆದರೆ ಆಚೆ, ಮತ್ತೊಮ್ಮೆ ಎಳೆದರೆ ಈಚೆ ತಿರುಗುತ್ತದೆ. ನಮ್ಮ ಹುಡುಗ ರೆಡ್‌ಸ್ಟೋನ್ ಟಾರ್ಚನ್ನು ಕವಲಿಗೇ ಅಂಟಿಸಿ ಇಟ್ಟು, ಆಟದಲ್ಲಿ ನಾವು ಕುಂಸಿ ಎಂದು ಹೆಸರಿಟ್ಟ ನಿಲ್ದಾಣಕ್ಕೆ ಹೋಗಬೇಕಾದ ನನ್ನನ್ನು ಎರಡು ಸಲ ಗಣಿಯೊಳಗೆ ಇಳಿಸಿದ.

ಬೇಲಿ ಮರೆಯಬೇಡಿ. ದಾರಿಯಲ್ಲಿರುವ ಖಾಲಿ ಗಾಡಿಗೆ ಹಸು, ಕೋಳಿ ಯಾವುದು ತಾಗಿದರೂ ಹತ್ತಿ ಕೂತುಬಿಡುತ್ತದೆ. ನಮ್ಮ ಮಲೆನಾಡು ಗಿಡ್ಡ ಹಸುಗಳಿಗೆ ಈ ಸೌಲಭ್ಯ ಗೊತ್ತಾಗದಿರಲಿ.

ಮಂಜುಗಡ್ಡೆ ಹಾಸಿ ಅದರ ಮೇಲೆ ದೋಣಿ ಬಿಟ್ಟರೆ ರೈಲಿಗಿಂತ ಬಹಳ ಬೇಗ ಹೋಗಬಹುದು ಎಂದು ಹುಡುಗ ವಾದಿಸುತ್ತಾನೆ. ಸುಳ್ಳಲ್ಲ. ಆದರೆ ಕಿಟಕಿ ಪಕ್ಕದ ಸೀಟಿನ ಸುಖ ದೋಣಿಯಲ್ಲಿ ಎಲ್ಲಿದೆ?

ಈಗ ನಮ್ಮ ಮಾರ್ಗ ಶಿವಮೊಗ್ಗ ಬಿಟ್ಟು ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪಕ್ಕೆ ಮುಟ್ಟಿದೆ. ನಿಜವಾದ ರೈಲೂ ಅಲ್ಲಿಗೇ ಮುಗಿಯುತ್ತದೆ. ಘಟ್ಟ ಇಳಿಸಿ ಸಮುದ್ರದವರೆಗೆ ಒಯ್ಯೋಣ ಎಂದು ಹುಡುಗನ ಹಟ. ಇಳಿಯುವುದಕ್ಕೆ ಖರ್ಚಿಲ್ಲ. ವಾಪಸು ಹತ್ತಬೇಕಲ್ಲ, ಪೆಟ್ಟಿಗೆಯಲ್ಲಿ ಉಳಿದಿರುವುದು ನಾಲ್ಕು ಗಟ್ಟಿ ಚಿನ್ನ.