ಮೊದಲು ಚಳಿಯ ಲೆಕ್ಕ, ಆಮೇಲೆ ಹೀಟಿಂಗ್

ಮನೆಗೆ ಹೊಸ ಹೀಟಿಂಗ್ ಹಾಕಿಸಬೇಕು ಅಂದ ಕೂಡಲೇ ಎಲ್ಲರೂ ಕೇಳುವುದು 'ಯಾವುದು ಒಳ್ಳೆಯದು?' ಅಂತ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಬರೆದುಕೊಂಡದ್ದು ನಮ್ಮ ಚಳಿಯ ಸ್ವಭಾವ. ಎಷ್ಟು ಚಳಿ ಅಂತ ಮಾತ್ರ ನೋಡಿದರೆ ಸಾಲದು. ಎಷ್ಟು ತಿಂಗಳು ಇರುತ್ತದೆ, ಗಾಳಿ ಒಣಗಿರುತ್ತದೋ ತೇವವಾಗಿರುತ್ತದೋ, ಕರೆಂಟ್ ಹೋದರೆ ಎಷ್ಟು ಹೊತ್ತು ಹೋಗುತ್ತದೆ, ಇವೆಲ್ಲ ಬೇಕು. ನಮ್ಮಲ್ಲಿ ಚಳಿಗಾಲ ಉದ್ದ. ಹೆಚ್ಚಿನ ದಿನ 0ರಿಂದ 5 ಡಿಗ್ರಿ, ಜೊತೆಗೆ ತೇವ. ಮೈನಸ್ 10 ಮುಟ್ಟುವ ರಾತ್ರಿಗಳು ಅಪರೂಪ.

ಆಮೇಲೆ ಮನೆಯಿಂದ ಶಾಖ ಎಲ್ಲಿ ಹೋಗುತ್ತಿದೆ ಅಂತ ಹುಡುಕಿದೆ. ಗಾಳಿ ಜೋರಾಗಿದ್ದ ದಿನ ಊದುಬತ್ತಿ ಹಚ್ಚಿಕೊಂಡು ಕಿಟಕಿ, ಬಾಗಿಲಿನ ಸಂದುಗಳ ಹತ್ತಿರ ಹಿಡಿದೆ. ನೆಟ್ಟಗೆ ಏಳುತ್ತಿದ್ದ ಹೊಗೆ ಒಮ್ಮೆಲೇ ಅಡ್ಡ ಹೊರಳಿದರೆ ಅಲ್ಲಿ ಸೋರಿಕೆ ಇದೆ ಅಂತ ಅರ್ಥ. ಇದು ಸಣ್ಣ ವಿಷಯ ಅಲ್ಲ. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದ್ದಾಗ, 2 ಚದರ ಮೀಟರ್‌ನ ಒಂಟಿ ಗಾಜಿನ ಕಿಟಕಿಯಿಂದ ಸುಮಾರು 220 ವ್ಯಾಟ್ ಶಾಖ ಹೋಗುತ್ತದೆ. ಜೋಡಿ ಗಾಜು ಹಾಕಿದರೆ ಅದರ ಅರ್ಧದಷ್ಟು. ಆದರೆ ಅದೇ ಚಳಿಯಲ್ಲಿ 100 ಘನ ಮೀಟರ್ ಜಾಗದ ಗಾಳಿ ಗಂಟೆಗೊಮ್ಮೆ ಪೂರ್ತಿ ಬದಲಾದರೆ 660 ವ್ಯಾಟ್! ಹಾಗಾಗಿ ಮೊದಲು ಸಂದು ಮುಚ್ಚಿಸಿದೆ, ಚಾವಣಿಗೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಹಾಕಿಸಿದೆ. ಬೇಕಾದ ಮೆಷಿನ್ನೇ ಚಿಕ್ಕದಾಯಿತು.

ನಾನು ಆರಿಸಿದ್ದು ಹೊರಗಿನ ಗಾಳಿಯಿಂದ ಶಾಖ ಎಳೆದು ರೇಡಿಯೇಟರ್ (ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಿಡುವ ಲೋಹದ ಫಲಕ) ನೀರನ್ನು ಬಿಸಿ ಮಾಡುವ ಹೀಟ್ ಪಂಪ್. ಸಾಮಾನ್ಯ ಹೀಟರ್ ಒಂದು ಯೂನಿಟ್ ಕರೆಂಟಿಗೆ ಒಂದು ಯೂನಿಟ್ ಶಾಖ ಕೊಟ್ಟರೆ, ಇದು 7 ಡಿಗ್ರಿ ಹವೆಯಲ್ಲಿ ಮೂರು, ನಾಲ್ಕರಷ್ಟು ಕೊಡುತ್ತದೆ. ಚಳಿ ಹೆಚ್ಚಿದಂತೆ ಅದು ಇಳಿಯುತ್ತದೆ. ಇಲ್ಲೇ ನೀವು ಜಾಗ್ರತೆಯಾಗಿರಬೇಕು. ಮೆಷಿನ್ ಮೇಲೆ ದೊಡ್ಡದಾಗಿ ಬರೆದಿರುವ ಸಾಮರ್ಥ್ಯ ಸಾಮಾನ್ಯವಾಗಿ 7 ಡಿಗ್ರಿಯದ್ದು. ನಾನು ಮೈನಸ್ 10ರಲ್ಲಿ ಎಷ್ಟು ಕೊಡುತ್ತದೆ ಅನ್ನುವ ಪಟ್ಟಿಯನ್ನೇ ಕೇಳಿ ತರಿಸಿಕೊಂಡೆ. ತೇವದ ಊರಿನವರು ಇನ್ನೊಂದನ್ನೂ ಕೇಳಬೇಕು. ಸೊನ್ನೆಯ ಆಸುಪಾಸಿನಲ್ಲಿ ಗಾಳಿಯ ತೇವ ಹೊರಗಿನ ಯೂನಿಟ್‌ನ ಕಾಯಿಲ್ (ಶಾಖ ಹೀರುವ ಕೊಳವೆ ಸುರುಳಿ) ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ಕರಗಿಸಲು ಮೆಷಿನ್ ಸ್ವಲ್ಪ ಹೊತ್ತು ಉಲ್ಟಾ ಓಡಿ ಮನೆಯ ಶಾಖವನ್ನೇ ಬಳಸುತ್ತದೆ. ಆ ನಷ್ಟವನ್ನೂ ಪಟ್ಟಿಯಲ್ಲಿ ಸೇರಿಸಿದ್ದಾರಾ ಅಂತ ನೋಡಿ.

ಹಳೆಯ ರೇಡಿಯೇಟರ್ ಸಾಕಾಗುತ್ತದಾ ಅನ್ನುವುದಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಆಗ ಇದ್ದ ಹಳೆಯ ಬಾಯ್ಲರ್‌ನಲ್ಲಿ ರೇಡಿಯೇಟರ್ ನೀರು 70 ಡಿಗ್ರಿಗೆ ಸೆಟ್ ಆಗಿತ್ತು. ಒಳ್ಳೆ ಚಳಿ ಇದ್ದ ವಾರ ನೋಡಿ ಅದನ್ನು 50ಕ್ಕೆ ಇಳಿಸಿದೆ. ಕೋಣೆಗಳು ಬೆಚ್ಚಗಾಗಲು ಜಾಸ್ತಿ ಹೊತ್ತು ಹಿಡಿಯಿತು, ಆದರೆ ಬೆಚ್ಚಗಾದವು. ಉತ್ತರದ ಮೂಲೆಯ ಕೋಣೆ ಮಾತ್ರ 17 ಡಿಗ್ರಿ ದಾಟಲಿಲ್ಲ. ಅಲ್ಲೊಂದಕ್ಕೆ ದೊಡ್ಡ ರೇಡಿಯೇಟರ್ ಹಾಕಿಸಿದೆ, ಉಳಿದವು ಹಳೆಯವೇ. ನೀರು ಕಡಿಮೆ ಬಿಸಿ ಇದ್ದಷ್ಟೂ ಹೀಟ್ ಪಂಪ್ ಕಡಿಮೆ ಕರೆಂಟ್ ತಿನ್ನುತ್ತದೆ, ಅದಕ್ಕೇ ಇಷ್ಟೆಲ್ಲ ಕಾಳಜಿ.

ನಿಮ್ಮ ಹವೆ ಬೇರೆ ಇದ್ದರೆ ಉತ್ತರವೂ ಬೇರೆ. ವರ್ಷಕ್ಕೆ ಕೆಲವೇ ವಾರ ಚಳಿ ಇರುವ ಕಡೆ ಇಷ್ಟೆಲ್ಲ ಪೈಪು ಯಾಕೆ? ಬಿಸಿ ಗಾಳಿಯನ್ನೂ ಕೊಡುವ ಎಸಿ ಸಾಕು. ನೆಲದಡಿಯ ಹೀಟಿಂಗ್ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಬಿಡದೆ ಚಳಿ ಇರುವಲ್ಲಿ ಅದು ಸುಖ, ಹಗಲು ಬಿಸಿಲು ರಾತ್ರಿ ಚಳಿ ಇರುವಲ್ಲಿ ಕಷ್ಟ. ಕರೆಂಟ್ ದಿನಗಟ್ಟಲೆ ಹೋಗುವ ಕಡೆ ಚಿಮಣಿ ಇರುವ ಸೌದೆ ಒಲೆ ಜೊತೆಗಿರಲಿ. ಸೌದೆ ಚೆನ್ನಾಗಿ ಒಣಗಿರಬೇಕು, ತೇವಾಂಶ 20 ಶೇಕಡಕ್ಕಿಂತ ಕಡಿಮೆ. ಒಲೆ ಇರಲಿ, ಗ್ಯಾಸ್ ಇರಲಿ, ಉರಿಯುವಂಥದ್ದು ಏನೇ ಇದ್ದರೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಕೇ ಬೇಕು. ಈ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರನ್ನು ಮಲಗುವ ಕೋಣೆಗೆ ದಯವಿಟ್ಟು ತರಬೇಡಿ.

ಹೀಟ್ ಪಂಪಿನ ಹೊರಗಿನ ಯೂನಿಟ್ ಕೂರಿಸುವಾಗ ಮುಂದೆ ನಿಂತು ನೋಡಿ. ಹಿಮ ಬೀಳುವ ಕಡೆ ಅದು ಹಿಮದ ಮಟ್ಟಕ್ಕಿಂತ ಮೇಲೆ, ಸ್ಟ್ಯಾಂಡ್ ಮೇಲೆ ಇರಬೇಕು. ಕರಗಿದ ನೀರು ಓಡಾಡುವ ದಾರಿಗೆ ಹರಿದರೆ ಬೆಳಗ್ಗೆ ಗಾಜಿನಂತೆ ಜಾರುತ್ತದೆ. ನಾನು ಆ ನೀರು ಇಂಗಲು ಕೆಳಗೆ ಜಲ್ಲಿ ತುಂಬಿದ ಗುಂಡಿ ಮಾಡಿಸಿದೆ.