ನಿಮಿರುವಿಕೆಯ ತೊಂದರೆಯೇ? ಹಾರ್ಮೋನ್ ಟೆಸ್ಟ್ ಹೀಗೆ ಮಾಡಿಸಿ

ಬದಿಯಡ್ಕದಲ್ಲಿ ಊಟ ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ಕಾಸರಗೋಡಿಗೆ ಹೋಗಿ ರಕ್ತ ಕೊಟ್ಟು ಬಂದೆ ನೋಡಿ, ಆ ರಿಪೋರ್ಟ್ ಸುಮ್ನೆ ವೇಸ್ಟ್ ಆಯಿತು. ಟೆಸ್ಟೋಸ್ಟೆರಾನ್ ಎಂಬ ಗಂಡಸಿನ ಹಾರ್ಮೋನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 8ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಹೋಗಿ. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ಮಾಡಿಸಿ, ಒಂದೇ ಚೀಟಿ ನಂಬಬೇಡಿ. ಆಗಲೂ ಕಡಿಮೆಯಾದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಲ್‌ಎಚ್, ಪ್ರೊಲ್ಯಾಕ್ಟಿನ್ ನೋಡಿಸಬೇಕು. ಪ್ರೊಲ್ಯಾಕ್ಟಿನ್ ತುಂಬಾ ಏರಿದರೆ ಟೆಸ್ಟೋಸ್ಟೆರಾನ್ ಕುಗ್ಗಿ ಆಸೆಯೇ ಬತ್ತಬಹುದು. ಥೈರಾಯ್ಡನ್ನೂ ಬಿಡಬೇಡಿ.

ನಿಜ ಹೇಳಬೇಕೆಂದರೆ ಹಾರ್ಮೋನಿಗಿಂತ ರಕ್ತನಾಳದ ತೊಂದರೆಯೇ ಜಾಸ್ತಿ: ಶುಗರ್, ಬಿಪಿ, ಬೀಡಿ. ಜಿಮ್ಮಿನ ಗೆಳೆಯರು ಹೇಳಿದರೆಂದು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ವೀರ್ಯಾಣು ಕಡಿಮೆಯಾಗುತ್ತದೆ, ಮುಂದೆ ಮಕ್ಕಳು ಬೇಕಲ್ವಾ?